ಪದಚರ್ಚೆ: ‘ಬ್ಯಾಚ್ ಫೈಲ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಬಲ್ಲವರಲ್ಲಿ ಒಂದು ವಿನಂತಿ. ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಎಂಎಸ್-ಡಾಸ್ 6.22 (ಆದೇಶಗಳನ್ನು ಟೈಪಿಸಿ ನಡೆಸುವ ಹಳೆಯ ಕಾರ್ಯಾಚರಣ ವ್ಯವಸ್ಥೆ, ಚಿಕ್ಕದಾಗಿ ‘ಡಾಸ್’) ಇರುವ ಹಳೆಯ 486 ಗಣಕವೊಂದು ಇಂದಿಗೂ ಲೆಕ್ಕ ಬರೆಯುತ್ತಿದೆ. ದಿನವೂ ಸಂಜೆ ಲೆಕ್ಕದ ಕಡತಗಳನ್ನು ಫ್ಲಾಪಿಗೆ ನಕಲಿಸಿ, ಅಂದಿನ ಪಟ್ಟಿಯನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸಲು ಗುಮಾಸ್ತರು ಏಳು ಸಾಲು ಆದೇಶಗಳನ್ನು ಒಂದೊಂದಾಗಿ ಟೈಪಿಸುತ್ತಿದ್ದರು. ಒಂದಕ್ಷರ ತಪ್ಪಿದರೂ ಯಂತ್ರ ಒಪ್ಪುತ್ತಿರಲಿಲ್ಲ. ಆ ಏಳನ್ನೂ ಒಂದು ಬ್ಯಾಚ್ ಫೈಲಿನಲ್ಲಿ, ಎಂದರೆ ಹೆಸರು ಟೈಪಿಸಿದರೆ ಒಳಗಿನ ಆದೇಶಗಳೆಲ್ಲ ತಾವಾಗಿ ನಡೆಯುವ ಕಡತದಲ್ಲಿ, ಬರೆದು, ರೋಮನ್ ಅಕ್ಷರಗಳಲ್ಲಿ ‘ಸಂಜೆ.ಬ್ಯಾಟ್’ ಎಂದು ಹೆಸರಿಟ್ಟಿದ್ದೇನೆ. ಗುಮಾಸ್ತರು ಈ ತಿಂಗಳು ನಿವೃತ್ತರಾಗುತ್ತಾರೆ. ಹೊಸಬರಿಗಾಗಿ ಗೋಡೆಗೆ ಹಾಕುವ ಸೂಚನಾಫಲಕ ನಾಳೆ ಬೆಳಿಗ್ಗೆ ಲ್ಯಾಮಿನೇಷನ್ನಿಗೆ ಹೋಗಬೇಕು. ‘ಬ್ಯಾಚ್ ಫೈಲ್’ ಎಂಬಲ್ಲಿ ಏನು ಬರೆಯಲಿ? ನನಗೆ ಹೊಳೆದದ್ದು ‘ಆದೇಶಗುಚ್ಛ’. ಅದು ಹೂವಿನ ಅಂಗಡಿಯನ್ನು ನೆನಪಿಸುತ್ತದೆ.

ಮೊದಲ ಉತ್ತರ

ಗುಚ್ಛ ಬೇಡ. ನಮ್ಮ ಅಡುಗೆಮನೆಯಲ್ಲೇ ಇರುವ ಮಾತನ್ನು ಬಿಟ್ಟು ಸಂಸ್ಕೃತದ ಬಾಗಿಲು ತಟ್ಟುವುದು ನಮಗೆ ಅಂಟಿದ ಹಳೆಯ ರೋಗ. ಇಂಗ್ಲಿಷಿನ ‘ಬ್ಯಾಚ್’ ಹುಟ್ಟಿದ್ದು ‘ಬೇಕ್’ ಎಂಬ ಕ್ರಿಯಾಪದದ ಬಳಗದಲ್ಲಿ. ಒಂದು ಸಲಕ್ಕೆ ಒಲೆಯಲ್ಲಿ ಬೇಯಿಸಿ ತೆಗೆದ ರೊಟ್ಟಿಗಳು ಎಂಬುದೇ ಅದರ ಮೂಲಾರ್ಥ. ಒಂದು ಸಲಕ್ಕೆ ಪಾತ್ರೆಯಲ್ಲಿಟ್ಟು ಬೇಯಿಸಿದ ಇಡ್ಲಿಗಳಿಗೆ ನಮ್ಮ ಮನೆಯಲ್ಲಿ ‘ಒಂದು ಒಬ್ಬೆ’ ಎನ್ನುತ್ತೇವೆ. ಎರಡು ಭಾಷೆಗಳು ಒಂದಕ್ಕೊಂದು ಕೇಳದೆ ಒಲೆಯ ಮುಂದೆ ಒಂದೇ ಕಲ್ಪನೆಗೆ ಬಂದಿರುವಾಗ ನಾವು ಬೇರೆಲ್ಲಿ ಹುಡುಕಬೇಕು? ಗಣಕಕ್ಕೂ ಈ ಪದ ಬಂದದ್ದು ಇದೇ ದಾರಿಯಲ್ಲಿ: 1950ರ, 60ರ ದಶಕಗಳಲ್ಲಿ ರಂಧ್ರ ಕೊರೆದ ಕಾರ್ಡುಗಳ ಮೇಲೆ ಬಂದ ಹಲವರ ಕೆಲಸಗಳನ್ನು ಒಟ್ಟುಮಾಡಿ, ನಡುವೆ ಯಾರೂ ಕೈಯಿಡದಂತೆ ಒಂದೇ ಒಬ್ಬೆಯಾಗಿ ಯಂತ್ರಕ್ಕೆ ಊಡುತ್ತಿದ್ದರು. ಡಾಸ್ ಆ ಹೆಸರನ್ನೇ ಉಳಿಸಿಕೊಂಡಿತು.

‘ಕಡತ’ವನ್ನು ಮಾತ್ರ ಬಿಡಬೇಡಿ. ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ ಮಡಿಸಿಟ್ಟ ಬಟ್ಟೆಯೇ ಕಡತ. ಬಳಪದಲ್ಲಿ ಬರೆದು, ಅಳಿಸಿ, ಮತ್ತೆ ಬರೆಯಬಹುದಿತ್ತು. ಆ ಗುಣ ಫ್ಲಾಪಿಯ ಕಡತಕ್ಕೂ ಉಂಟು. ಆದ್ದರಿಂದ ‘ಒಬ್ಬೆಕಡತ’ ಎಂದು ಬರೆಯಿರಿ, ‘ಆದೇಶ’ವನ್ನು ‘ಆಣತಿ’ ಎಂದು ತಿದ್ದಿರಿ.

ಎರಡನೆಯ ಉತ್ತರ

‘ಬ್ಯಾಚ್ ಫೈಲ್’ ಎಂದೇ ಬರೆಯಿರಿ. ‘ನಮ್ಮ ಬ್ಯಾಚಿನವರು’ ಎನ್ನಲು ಯಾವ ಹಳ್ಳಿಯ ಹುಡುಗನೂ ನಿಘಂಟು ತೆರೆಯುವುದಿಲ್ಲ. ಪ್ರಶ್ನೆಯಲ್ಲಿರುವ ‘ಗುಮಾಸ್ತ’ ಪಾರಸಿಯಿಂದ ಬಂದವನು. ಅವನಿಗೆ ರಹದಾರಿ ಕೇಳದವರು ಬ್ಯಾಚಿಗೆ ಮಾತ್ರ ಕೇಳುವುದೇಕೆ? ‘ಒಬ್ಬೆಕಡತ’ ಎಂದು ಗೋಡೆಯ ಮೇಲೆ ಕಂಡರೆ ಹೊಸಬರು ಇಡ್ಲಿ ಪಾತ್ರೆ ಹುಡುಕಿಯಾರು.

ಮೂರನೆಯ ಉತ್ತರ

ಪದಕ್ಕಿಂತ ಮೊದಲು ಯಂತ್ರ ಏನು ಮಾಡುತ್ತದೆಂದು ನೋಡೋಣ. ಒಬ್ಬೆಯ ಇಡ್ಲಿಗಳು ಒಟ್ಟಿಗೆ ಬೇಯುತ್ತವೆ. ಡಾಸ್ ಹಾಗಲ್ಲ, ಒಂದು ಸಾಲನ್ನು ಮುಗಿಸಿಯೇ ಮುಂದಿನದಕ್ಕೆ ಹೋಗುತ್ತದೆ, ಮೇಲಿನದು ವಿಫಲವಾಗಿದ್ದರೂ ಲೆಕ್ಕಿಸದೆ ಕೆಳಗಿನದನ್ನು ನಡೆಸುತ್ತದೆ. ಫ್ಲಾಪಿಯಲ್ಲಿ ಜಾಗ ಮುಗಿದು ನಕಲು ಅರ್ಧಕ್ಕೆ ನಿಂತರೂ ಪ್ರಿಂಟರು ಪಟ್ಟಿಯನ್ನು ಸರಾಗವಾಗಿ ಮುದ್ರಿಸುತ್ತದೆ, ಹೊಸಬರು ಎಲ್ಲವೂ ಸರಿಯಾಯಿತೆಂದು ನಂಬಿ ಬೀಗ ಹಾಕಿಕೊಂಡು ಹೋಗುತ್ತಾರೆ. ಆದ್ದರಿಂದ ನಕಲಿಗೆ ‘ಕಾಪಿ’ ಆದೇಶದ ಬದಲು, ವಿಫಲವಾದರೆ ದೋಷಸಂಕೇತದ ಅಂಕಿ ಬಿಡುವ ‘ಎಕ್ಸ್‌ಕಾಪಿ’ ಬಳಸಿ, ಅದರ ಕೆಳಗೆ ಆ ಅಂಕಿಯನ್ನು ನೋಡುವ ‘ಇಫ್ ಎರರ್‌ಲೆವೆಲ್ 1’ ಎಂಬ ಸಾಲನ್ನು ಸೇರಿಸಿ ಎಚ್ಚರಿಕೆಯ ಭಾಗಕ್ಕೆ ಜಿಗಿಸಿರಿ. 1 ಎಂದು ಬರೆದರೂ ಅದು 1 ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಸಂಕೇತಗಳನ್ನು ಹಿಡಿಯುತ್ತದೆ. ಒಂದರ ಹಿಂದೊಂದು ಎಂಬ ಈ ಗುಣ ಪದದಲ್ಲೂ ಕಾಣಬೇಕಾದರೆ ‘ಆದೇಶಸರಣಿ’ ತಕ್ಕದ್ದು. ಇನ್ನು, ಅಚ್ಚಗನ್ನಡವೆಂದು ಮೊದಲ ಉತ್ತರದವರು ಹಿಡಿದು ಕೂತಿರುವ ‘ಆಣತಿ’ ಸಂಸ್ಕೃತದ ‘ಆಜ್ಞಪ್ತಿ’ಯ ತದ್ಭವ.

ಮೊದಲ ಉತ್ತರದವರಿಂದ

ತದ್ಭವವಾದ ಮೇಲೆ ಅದು ನಮ್ಮದೇ. ‘ಬ್ಯಾಚ್’ ಇನ್ನೂ ತನ್ನ ಉಚ್ಚಾರವನ್ನೇ ಬಿಟ್ಟಿಲ್ಲ. ‘ಆಜ್ಞಪ್ತಿ’ ಸವೆದಷ್ಟು ಸವೆದು ಬರಲಿ, ಆಗ ಮಾತನಾಡೋಣ. ಒಂದರ ಹಿಂದೊಂದು ಬೇಯುವುದೋ ಒಟ್ಟಿಗೆ ಬೇಯುವುದೋ ಎಂಬುದು ಇಂಗ್ಲಿಷಿನವರಿಗೆ ಅಡ್ಡಬರಲಿಲ್ಲ, ನಮಗೇಕೆ ಬರಬೇಕು?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಎರರ್‌ಲೆವೆಲ್ ಸಾಲನ್ನು ಸೇರಿಸಿದೆ. ತುಂಬಿದ ಫ್ಲಾಪಿ ಹಾಕಿ ಪರೀಕ್ಷಿಸಿದಾಗ ಎಚ್ಚರಿಕೆ ಬಂತು. ಪದಗಳನ್ನು ಗುಮಾಸ್ತರಿಗೆ ಓದಿ ಹೇಳಿದೆ. ‘ಒಬ್ಬೆ’ ಎಂದಾಗ ನಕ್ಕರು, ‘ಸರಣಿ’ ಎಂದಾಗ ಸುಮ್ಮನಿದ್ದರು, ಕೊನೆಗೆ “ಸಂಜೆ ಓಡಿಸಿ ಅಂತ ಬರೀರಿ ಸಾರ್, ನಾವು ಹಾಗೇ ಅನ್ನೋದು” ಎಂದರು. ಫಲಕದ ಮೇಲೆ ‘ಸಂಜೆ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಎಂಟರ್ ಒತ್ತಿರಿ’ ಎಂದು ದೊಡ್ಡದಾಗಿಯೂ, ಅದರಡಿ ‘ಇದೊಂದು ಆದೇಶಸರಣಿ’ ಎಂದು ಸಣ್ಣದಾಗಿಯೂ ಬರೆಸುತ್ತಿದ್ದೇನೆ.

ಇನ್ನೊಂದು ತೊಡಕು ಉಳಿದಿದೆ. ಕಡೆಯ ಸಾಲಿನ ‘ಪಾಜ್’ (ತಡೆದು ನಿಲ್ಲು ಎಂಬರ್ಥದ) ಆದೇಶ ಇಂಗ್ಲಿಷಿನಲ್ಲಿ ಯಾವುದಾದರೂ ಕೀ ಒತ್ತಲು ಹೇಳಿ ಕಾಯುತ್ತದೆ. ‘ಕೀಲಿ’ ಎಂದರೆ ಇಲ್ಲಿನವರಿಗೆ ಬೀಗ ನೆನಪಾಗುತ್ತದೆ, ‘ಗುಂಡಿ’ ಎಂದರೆ ಅಂಗಿ. ‘ಯಾವುದಾದರೂ’ ಎಂಬುದೂ ಪೂರ್ತಿ ನಿಜವಲ್ಲ, ಏಕೆಂದರೆ ಶಿಫ್ಟ್ ಒಂದನ್ನೇ ಒತ್ತಿದರೆ ಯಂತ್ರ ಕದಲುವುದಿಲ್ಲ. ಲ್ಯಾಮಿನೇಷನ್ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ.