ಶಾರ್ಪ್‌ಶೂಟರ್, ಸ್ನೈಪರ್, ಈಡುಗಾರ

ಸುಪಾರಿ ಪಡೆದು ಕೊಲ್ಲುವವನೂ ‘ಶಾರ್ಪ್‌ಶೂಟರ್’, ಪುಂಡಾನೆಗೆ ಅರಿವಳಿಕೆ ಡಾರ್ಟ್ ಹೊಡೆಯುವ ಅರಣ್ಯ ಇಲಾಖೆಯವರೂ ‘ಶಾರ್ಪ್‌ಶೂಟರ್’. ನಮ್ಮ ಪತ್ರಿಕೆಗಳ ಈ ಬಳಕೆ ಓದಿದಾಗಲೆಲ್ಲ ಮನಸ್ಸಿಗೆ ಕಸಿವಿಸಿ. ಇದಕ್ಕೆ ಕನ್ನಡದಲ್ಲೇ ಒಳ್ಳೆಯ ಪದ ಇಲ್ಲವೇ?

ಮೊದಲು ಮೂಲದ ವಿಚಾರ. ಅಮೆರಿಕದ ಬಂದೂಕು ತಯಾರಕ ಕ್ರಿಶ್ಚಿಯನ್ ಶಾರ್ಪ್ಸ್‌ನಿಂದ ಈ ಹೆಸರು ಬಂತು ಅನ್ನುವ ಮಾತಿದೆ. ಕಾಲದ ಲೆಕ್ಕ ಕೂಡುವುದಿಲ್ಲ. ಅವನ ರೈಫಲ್ಲಿಗೆ ಪೇಟೆಂಟ್ ಸಿಕ್ಕಿದ್ದು 1848ರಲ್ಲಿ. ಪದವೋ ನೆಪೋಲಿಯನ್ ಯುದ್ಧಗಳ ಹೊತ್ತಿಗೇ ಇಂಗ್ಲಿಷಿನಲ್ಲಿತ್ತು, ಜರ್ಮನ್ನಿನ ‘ಷಾರ್ಫ್‌ಷ್ಯುಟ್ಸ’ದ ಅಚ್ಚಿನಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ ಬರ್ಡನ್ ಎಂಬ ಸೇನಾಧಿಕಾರಿಯ ಗುರಿಕಾರ ಪಡೆಗಳು ಶಾರ್ಪ್ಸ್ ರೈಫಲ್ಲನ್ನೇ ಹಿಡಿದದ್ದರಿಂದ ಗೊಂದಲ ಬೇರೂರಿತು.

‘ಸ್ನೈಪರ್’ ಹುಟ್ಟಿದ್ದು ಸ್ನೈಪ್ ಹಕ್ಕಿಯಿಂದ. ಚಳಿಗಾಲದಲ್ಲಿ ನಮ್ಮ ಕೆಸರುಗದ್ದೆಗೂ ಬರುವ ಉದ್ದ ಕೊಕ್ಕಿನ ಹಕ್ಕಿ. ಕಾಲಬುಡದಿಂದ ಥಟ್ಟನೆ ಎದ್ದು ಅಡ್ಡಾದಿಡ್ಡಿ ಹಾರುವ ಇದನ್ನು ಹೊಡೆಯಲು ಪಳಗಿದ ಕೈಯೇ ಬೇಕು. 18ನೇ ಶತಮಾನದ ಉತ್ತರಾರ್ಧದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಪತ್ರಗಳಲ್ಲೇ ಈ ಬೇಟೆಗೆ ‘ಸ್ನೈಪಿಂಗ್’ ಎಂಬ ಮಾತಿದೆ. ಅಡಗಿ ಕೂತು ಹೊಡೆಯುವ ಸೈನಿಕ ಎಂಬ ಅರ್ಥ ಮನೆಮಾತಾದದ್ದು ಮೊದಲ ಮಹಾಯುದ್ಧದಿಂದ.

ಕನ್ನಡದಲ್ಲಿ ‘ಗುರಿಕಾರ’ ಇದೆ, ನಿಜ. ಆದರೆ ದಕ್ಷಿಣ ಕನ್ನಡ, ಕಾಸರಗೋಡಿನ ಮೊಗವೀರರಿಗೆ, ಹವ್ಯಕರಿಗೆ ಗುರಿಕಾರ ಅಂದರೆ ಸಮುದಾಯದ ಮುಖಂಡ. ಅಲ್ಲಿ ‘ಗುರಿಕಾರರು ಬಂದರು’ ಅಂದರೆ ಯಾರಿಗೂ ಕೋವಿ ನೆನಪಾಗದು.

ನನ್ನ ಒಲವು ಮಲೆನಾಡಿನ ‘ಈಡುಗಾರ’ನ ಕಡೆಗೆ. ಕೆಡು–ಕೇಡು, ಪಡು–ಪಾಡು ಆದಂತೆ ಇಡು–ಈಡು. ಹಳಗನ್ನಡದಲ್ಲಿ ಇಡು ಅಂದರೆ ಎಸೆ, ಹೊಡೆ ಎಂದೂ ಅರ್ಥ. ‘ಒಂದೇ ಈಡಿಗೆ ಹಂದಿ ಬಿತ್ತು’, ‘ಆಚೆ ಗುಡ್ಡದಲ್ಲಿ ಈಡು ಕೇಳಿಸಿತು’ ಎಂಬ ಮಾತಿನಲ್ಲಿ ಗುಂಡೂ ಇದೆ, ಸದ್ದೂ ಇದೆ. ಶಿಕಾರಿಯಲ್ಲಿ ಹಳು, ಅಂದರೆ ಪೊದೆಗಾಡು, ನುಗ್ಗಿ ಪ್ರಾಣಿ ಎಬ್ಬಿಸುವವರು ಬೇರೆ, ಕೋವಿ ಹಿಡಿದು ‘ಬಿಲ್ಲಿಗೆ’ ನಿಲ್ಲುವವರು ಬೇರೆ. ಬಿಲ್ಲು ಹೋಗಿ ಕೋವಿ ಬಂದು ಎಷ್ಟೋ ಕಾಲವಾದರೂ ಆ ಜಾಗದ ಹೆಸರು ಬಿಲ್ಲೇ! ಅಂಥ ಕಡೆ ನಿಲ್ಲಿಸುತ್ತಿದ್ದದ್ದು ಈಡು ತಪ್ಪದವರನ್ನು. ಆನೆಗೆ ಡಾರ್ಟ್ ಹೊಡೆಯುವವರಿಗೆ ಈ ಹೆಸರು ಸಲ್ಲಬೇಕು.

ಬಯಲುಸೀಮೆಯಲ್ಲಿ ‘ಈಡು’ ಈ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಗೆದ್ದವರನ್ನು ಏನೆಂದು ಕರೆಯುತ್ತೀರಿ? ದಯವಿಟ್ಟು ನಿಮ್ಮೂರಿನ ವಾಕ್ಯದ ಸಮೇತ ತಿಳಿಸಿ.