ಪದಚರ್ಚೆ: ‘ಚೆಕ್‌ಪಾಯಿಂಟ್’ಗೆ ‘ಕಟ್ಟೆ’ ಆದೀತೇ?

ಗೆಳೆಯರೆ,

ವಾರದಲ್ಲಿ ಆಡಿದ ವಿಡಿಯೋ ಗೇಮ್‌ಗಳು ಹೇಗನ್ನಿಸಿದವು ಎಂದು ಕನ್ನಡದಲ್ಲಿ ಬರೆಯಲು ಕೂತರೆ ಮೊದಲು ಅಡ್ಡ ಬರುವ ಪದ ‘ಚೆಕ್‌ಪಾಯಿಂಟ್’, ಅಂದರೆ ಪಾತ್ರ ಸತ್ತ ಮೇಲೆ ಮತ್ತೆ ಶುರುವಾಗುವ ಜಾಗ. ಈ ವಾರದ ಪಟ್ಟಿಯಲ್ಲಿ ಇರುವುದು ಹಾಲೋ ನೈಟ್ (2017), ಸೆಲೆಸ್ಟ್ (2018), ಹೇಡೀಸ್ (2020). ಮೂರರಲ್ಲೂ ಪಾತ್ರ ಮತ್ತೆ ಮತ್ತೆ ಸಾಯುತ್ತದೆ, ಮತ್ತೆ ಮತ್ತೆ ಎದ್ದು ಬರುತ್ತದೆ. ಆದರೆ ಎಲ್ಲಿಗೆ ಬರುತ್ತದೆ, ಬರುವಾಗ ಏನು ಕಳೆದುಕೊಂಡಿರುತ್ತದೆ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ನಮ್ಮ ಬರಹದಲ್ಲಿ ಮಾತ್ರ ಮೂರಕ್ಕೂ ಒಂದೇ ಸಾಲು: ‘ಸತ್ತರೆ ಚೆಕ್‌ಪಾಯಿಂಟ್‌ನಿಂದ ಮತ್ತೆ ಶುರು’. ‘ತಪಾಸಣಾ ಬಿಂದು’ ಎಂದು ಅನುವಾದಿಸಿದರೆ ಲಾರಿ ನಿಲ್ಲಿಸಿ ಕಾಗದ ನೋಡುವ ಚಿತ್ರ ಕಣ್ಣಿಗೆ ಬರುತ್ತದೆಯೇ ಹೊರತು ಆಟದ್ದಲ್ಲ.

ನನ್ನ ಸೂಚನೆ ‘ಕಟ್ಟೆ’. ಪದ ಬಂದದ್ದು ಚೌಕಾಬಾರದಿಂದ. ಆ ಆಟಕ್ಕೆ ಕೆಲವು ಕಡೆ ಕಟ್ಟೆಮನೆ ಎಂದೇ ಹೆಸರು. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕು ಅಂಚುಗಳ ನಡುವೆ ಒಂದೊಂದು, ಮಧ್ಯದಲ್ಲಿ ಒಂದು, ಹೀಗೆ ಐದು ಮನೆಗೆ ಅಡ್ಡಗೆರೆ ಎಳೆದಿರುತ್ತಾರೆ. ಅವೇ ಕಟ್ಟೆ. ಕಟ್ಟೆಯ ಮೇಲಿರುವ ಕಾಯಿಯನ್ನು ಎದುರಾಳಿ ಕಡಿಯುವಂತಿಲ್ಲ. ಬೇರೆ ಮನೆಯಲ್ಲಿದ್ದಾಗ ಕಡಿಸಿಕೊಂಡ ಕಾಯಿ ತಾನು ಹೊರಟ ಮನೆಗೆ ವಾಪಸ್ ಬರಬೇಕು, ಆ ಮನೆಯೂ ಕಟ್ಟೆಯೇ. ಅಂದರೆ ‘ಇಲ್ಲಿದ್ದರೆ ಏಟಿಲ್ಲ’, ‘ಏಟು ಬಿದ್ದರೆ ಇಲ್ಲಿಗೆ’ ಎಂಬ ಎರಡೂ ಅರ್ಥ ಆ ಒಂದು ಪದದಲ್ಲಿ ಮೊದಲಿನಿಂದಲೂ ಇವೆ. ಚೆಕ್‌ಪಾಯಿಂಟ್ ಎಂಬ ಇಂಗ್ಲಿಷ್ ಪದದಲ್ಲಿ ಎರಡೂ ಇಲ್ಲ.

ಹಾಲೋ ನೈಟ್‌ಗೆ ಇದು ಅಳತೆ ತೆಗೆದು ಹೊಲಿದ ಹಾಗಿದೆ. ಅಲ್ಲಿ ಅಲ್ಲಲ್ಲಿ ಬೆಂಚುಗಳಿವೆ. ಕೂತರೆ ಜೀವ ಪೂರ್ತಿ ತುಂಬುತ್ತದೆ. ತೊಟ್ಟ ಚಾರ್ಮ್‌ಗಳನ್ನು (ವಿಶೇಷ ಬಲ ಕೊಡುವ ತಾಯಿತಗಳನ್ನು) ಬದಲಾಯಿಸಲು ಸಾಧ್ಯವಾಗುವುದು ಅಲ್ಲಿ ಕೂತಾಗ ಮಾತ್ರ. ಸತ್ತರೆ ಎದ್ದೇಳುವುದು ಕೊನೆಗೆ ಕೂತ ಬೆಂಚಿನ ಮೇಲೆ, ಕೈಯಲ್ಲಿದ್ದ ಹಣವೆಲ್ಲ ಸತ್ತ ಜಾಗದಲ್ಲಿ ನಿಂತ ತನ್ನದೇ ನೆರಳಿನ ಹತ್ತಿರ. ನೆರಳನ್ನು ಹೊಡೆದು ವಾಪಸ್ ಪಡೆಯುವ ಮೊದಲೇ ಇನ್ನೊಮ್ಮೆ ಸತ್ತರೆ ಹಳೆಯ ಹಣ ಹೋದಂತೆಯೇ. ಊರಿನ ಅರಳಿಕಟ್ಟೆಯ ಹಾಗೆ ಇದು ಕೂರುವ ಜಾಗವೂ ಹೌದು, ಹಾಗಾಗಿ ‘ಕಟ್ಟೆ ಸಿಕ್ಕಿತು’, ‘ಕಟ್ಟೆ ಬಿಟ್ಟು ಬಹಳ ದೂರ ಬಂದೆ’ ಎಂದರೆ ವಿವರಣೆಯೇ ಬೇಡ. ಡೀಪ್‌ನೆಸ್ಟ್ ಎಂಬ ಕತ್ತಲ ಪ್ರದೇಶದೊಳಗೆ ಒಂದು ಬೆಂಚು ಮೋಸದ್ದು: ಕೂತ ಕೂಡಲೇ ಜೇಡಗಳು ಸುತ್ತಿಕೊಂಡು ಬಲೆಯಲ್ಲಿ ಬಿಗಿಯುತ್ತವೆ. ಅಲ್ಲಿ ಎದೆ ಧಸಕ್ಕೆನ್ನುವುದು ಜೇಡದಿಂದಲ್ಲ, ಅಲ್ಲಿಯವರೆಗೆ ಪ್ರತಿ ಕಟ್ಟೆಯನ್ನೂ ನಂಬಿ ಕೂತದ್ದರಿಂದ. ಆ ನಂಬಿಕೆಯನ್ನು ಹಿಡಿಯುವ ಪದವೇ ಬೇಕು.

ಒಂದು ಎಚ್ಚರ. ಕಟ್ಟೆ ಎಂದರೆ ‘ಸೇವ್’ ಅಲ್ಲ. ಇದೇ ಗೇಮ್‌ನಲ್ಲಿ ದಾರಿಯಲ್ಲಿ ಒಂದು ವಸ್ತು ಸಿಕ್ಕಿ, ಮೆನುಗೆ ಹೋಗಿ ಹೊರಬಂದು ಮತ್ತೆ ತೆರೆದರೆ ವಸ್ತು ಉಳಿದಿರುತ್ತದೆ, ಪಾತ್ರ ಮಾತ್ರ ಕೊನೆಯ ಬೆಂಚಿನಲ್ಲಿರುತ್ತದೆ. ಸೇವ್ ಆಗುವುದು ಫೈಲಿನಲ್ಲಿ, ಕಟ್ಟೆ ಇರುವುದು ಆಟದ ನೆಲದಲ್ಲಿ. ಇವೆರಡನ್ನು ಬೆರೆಸಿ ‘ಇಲ್ಲಿ ಸೇವ್ ಪಾಯಿಂಟ್ ಇದೆ’ ಎಂದು ಬರೆದರೆ, ಓದಿದವರು ಬೆಂಚು ಸಿಗುವವರೆಗೆ ಗೇಮ್ ಮುಚ್ಚಲು ಹೆದರುತ್ತಾರೆ. ‘ಸೇವ್’ ಹಾಗೆಯೇ ಇರಲಿ, ‘ಉಳಿಸು’ ಎಂದರೆ ದುಡ್ಡು ಉಳಿಸಿದ ಹಾಗೆ ಕೇಳುತ್ತದೆ.

ಸೆಲೆಸ್ಟ್‌ಗೆ ಕಟ್ಟೆ ಸರಿಹೋಗದು. ಅಲ್ಲಿ ಒಂದೊಂದು ಪರದೆಯೂ ಒಂದು ಕೋಣೆ. ಮುಳ್ಳು ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನಾಯಕಿ ಮ್ಯಾಡೆಲಿನ್ ಆ ಕೋಣೆಗೆ ಒಳಬಂದ ಜಾಗದಲ್ಲೇ ನಿಂತಿರುತ್ತಾಳೆ. ಕೂರುವುದಿಲ್ಲ, ಸುಧಾರಿಸಿಕೊಳ್ಳುವುದಿಲ್ಲ. ಕಳೆದುಹೋಗುವುದು, ಹಿಡಿದುಕೊಂಡು ಇನ್ನೂ ಗಟ್ಟಿ ನೆಲ ಮುಟ್ಟದಿದ್ದ ಸ್ಟ್ರಾಬೆರಿ ಮಾತ್ರ. ಇದಕ್ಕೆ ‘ಹೊಸಿಲು’ ಸಾಕು: ‘ಹತ್ತು ಸಲ ಹೊಸಿಲಿಗೆ ಬಂದು ಬಿದ್ದೆ’. ಹೇಡೀಸ್‌ಗಂತೂ ಪದ ಹುಡುಕುವ ಕಷ್ಟವೇ ಇಲ್ಲ. ಅದರ ನಾಯಕ ಝಾಗ್ರಿಯಸ್ ಎಲ್ಲಿ ಸತ್ತರೂ ಎದ್ದೇಳುವುದು ಅಪ್ಪನ ಮನೆಯ ರಕ್ತದ ಕೊಳದಿಂದ. ದೇವತೆಗಳು ಕೊಟ್ಟ ವರಗಳು, ಆ ದಾರಿಯಲ್ಲಿ ಗಳಿಸಿದ ನಾಣ್ಯ ಎಲ್ಲ ಹೋಗುತ್ತವೆ. ಮನೆಯ ಕನ್ನಡಿಯ ಮುಂದೆ ಖರ್ಚು ಮಾಡುವ ‘ಕತ್ತಲೆ’ (ಡಾರ್ಕ್‌ನೆಸ್) ಎಂಬ ಗಳಿಕೆ ಉಳಿಯುತ್ತದೆ. ಅದು ‘ಮನೆ’, ಅಷ್ಟೇ.

ಹೇಡೀಸ್‌ನಲ್ಲಿ ತೊಡಕು ಬೇರೆ ಕಡೆ ಇದೆ. ಮನೆಯಿಂದ ಹೊರಟು ಟಾರ್ಟರಸ್, ಆಸ್ಫೊಡೆಲ್, ಎಲಿಸಿಯಂ, ಸ್ಟಿಕ್ಸ್ ಎಂಬ ಪಾತಾಳದ ಪ್ರದೇಶಗಳನ್ನು ದಾಟುವ ಒಂದು ಪ್ರಯತ್ನಕ್ಕೆ ಆಡುವವರೆಲ್ಲ ‘ರನ್’ ಅನ್ನುತ್ತಾರೆ. ಕನ್ನಡದಲ್ಲಿ ‘ಮೂರು ರನ್’, ‘ಮೂರು ಓಟ’ ಎರಡೂ ನೇರ ಕ್ರಿಕೆಟ್ಟಿಗೆ ಹೋಗುತ್ತವೆ. ‘ಆಟ’ ಎನ್ನೋಣ. ಚೌಕಾಬಾರಕ್ಕೆ ಕೂತವರು ‘ಇನ್ನೊಂದು ಆಟ’ ಅಂದಾಗ ಇದೇ ಅರ್ಥ, ಟಾಕೀಸಿನ ‘ಮೊದಲನೇ ಆಟ’ದಲ್ಲೂ ಹತ್ತಿರ ಹತ್ತಿರ ಇದೇ. ಆದರೆ ಆಗ ಕೊಂಡು ತಂದ ಸರಕಿಗೆ ‘ಗೇಮ್’ ಎಂದೇ ಹೇಳಬೇಕು. ‘ಈ ವಾರ ಹನ್ನೆರಡು ಆಟ ಆಡಿದೆ’ ಎಂದರೆ ಒಂದೇ ಗೇಮ್‌ನಲ್ಲಿ ಹನ್ನೆರಡು ಸಲ ಹೊರಟದ್ದು. ಶುದ್ಧ ಕನ್ನಡದ ಆಸೆಗೆ ಎರಡಕ್ಕೂ ‘ಆಟ’ ಬಳಸಿದರೆ ನಷ್ಟ ಓದುಗರಿಗೆ.

ಇನ್ನು ‘ಕಾಯೋಟಿ ಟೈಮ್’. ಬಂಡೆಯ ಅಂಚು ದಾಟಿದ ಮೇಲೂ ಒಂದು ಚೂರು ಹೊತ್ತು ಜಿಗಿತದ ಗುಂಡಿಗೆ ಗೇಮ್ ಬೆಲೆ ಕೊಡುವುದಕ್ಕೆ ಈ ಹೆಸರು. ಪ್ರಪಾತದ ಮೇಲೆ ಗಾಳಿಯಲ್ಲೇ ಓಡಿ, ಕೆಳಗೆ ನೋಡಿದ ಮೇಲೆ ಬೀಳುವ ಕಾರ್ಟೂನಿನ ತೋಳದಂಥ ಪ್ರಾಣಿಯಿಂದ ಬಂದದ್ದು. ‘ವಿನಾಯಿತಿ ಅವಧಿ’ ಎಂದರೆ ತೆರಿಗೆ ಕಟ್ಟಿದ ಹಾಗಾಗುತ್ತದೆ. ನನಗೆ ತೋಚುವುದು ‘ಕೊಸರು’. ಸೇರು ಅಳೆದಾದ ಮೇಲೆ ಮೇಲಿಷ್ಟು ಹಾಕುತ್ತಾರಲ್ಲ, ಅದು. ಸೆಲೆಸ್ಟ್ ಕೊಡುವ ಕೊಸರು 0.1 ಸೆಕೆಂಡ್, ಸೆಕೆಂಡಿಗೆ 60 ಫ್ರೇಮ್‌ನ (ಪರದೆಯಲ್ಲಿ ಮೂಡುವ ಒಂದೊಂದು ಚಿತ್ರದ) ಲೆಕ್ಕದಲ್ಲಿ 6 ಫ್ರೇಮ್. ನೆಲ ಮುಟ್ಟುವುದಕ್ಕೆ ಮೊದಲೇ ಗುಂಡಿ ಒತ್ತಿದರೂ 0.08 ಸೆಕೆಂಡ್‌ವರೆಗೆ ಗೇಮ್ ನೆನಪಿಟ್ಟುಕೊಂಡು, ಕಾಲು ತಾಗಿದ ಕೂಡಲೇ ಜಿಗಿಸುತ್ತದೆ. ಮುಂಗೈ, ಹಿಂಗಾಲುಗಳ ದಾರಿಯಲ್ಲಿ ಬೇಗ ಒತ್ತಿದ್ದಕ್ಕೆ ‘ಮುಂಗೊಸರು’, ತಡವಾಗಿ ಒತ್ತಿದ್ದಕ್ಕೆ ‘ಹಿಂಗೊಸರು’ ಎನ್ನಬಹುದು. ಕೊಸರು ಕೊಟ್ಟದ್ದು ಗಿರಾಕಿಗೆ ಗೊತ್ತಾಗುತ್ತದೆ, ಇಲ್ಲಿ ಆಡುವವರಿಗೆ ಗೊತ್ತಾಗುವುದಿಲ್ಲ. ಆ ಒಂದು ಕೊರತೆ ಒಪ್ಪಿಕೊಳ್ಳುತ್ತೇನೆ. ಆದರೆ ಕೊಸರಿಲ್ಲದ ಗೇಮ್ ಕೈಗೆ ಬಂದಾಗ ‘ಯಾಕೋ ಬಿಗಿ’ ಅನ್ನಿಸುವುದು ಇದು ಇಲ್ಲದ್ದಕ್ಕೇ, ಹೆಸರಿದ್ದರೆ ಹಾಗೆಂದು ಬರೆಯಬಹುದು.

ಇದಕ್ಕೆ ಅಂಟಿಕೊಂಡೇ ‘ಲ್ಯಾಗ್’ ಬರುತ್ತದೆ. ಮೂರು ಬೇರೆ ಬೇರೆ ತೊಂದರೆಗೆ ಈ ಒಂದೇ ಪದ ಓಡುತ್ತಿದೆ. ಗುಂಡಿ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣುವುದು ‘ತಡ’. ಅದೇ 60ರ ಲೆಕ್ಕದಲ್ಲಿ ಒಂದು ಫ್ರೇಮ್‌ಗೆ ಸಿಗುವ 16.7 ಮಿಲಿಸೆಕೆಂಡ್ ಸಾಕಾಗದೆ ಚಿತ್ರ ತಟ್ಟಾಡಿಸುವುದು ‘ತಡವರಿಕೆ’. ನೆಟ್ಟಿನಿಂದಾಗುವುದಕ್ಕೆ ‘ಪಿಂಗ್’ ಆಗಲೇ ಎಲ್ಲರ ಬಾಯಲ್ಲಿದೆ. ಬೇರೆ ಮಾಡಬೇಕು, ಯಾಕೆಂದರೆ ಮದ್ದು ಬೇರೆ. ತಡಕ್ಕೆ ಟಿವಿಯಲ್ಲಿ ಗೇಮ್ ಮೋಡ್ ಹಾಕಬೇಕು. ತಡವರಿಕೆಗೆ ಗೇಮ್‌ನ ಗ್ರಾಫಿಕ್ಸ್ ಇಳಿಸಬೇಕು. ಟಿವಿ 0.1 ಸೆಕೆಂಡ್ ತಡ ಮಾಡಿದರೆ ಸೆಲೆಸ್ಟ್ ಕೊಟ್ಟ ಹಿಂಗೊಸರೆಲ್ಲ ಅದಕ್ಕೇ ಹೋಗುತ್ತದೆ, ಬೈಗುಳ ಗೇಮ್‌ಗೆ ಬೀಳುತ್ತದೆ.

‘ಶಕ್ತಿ’ ಪದವೂ ಹೀಗೆಯೇ ಸವೆದಿದೆ. ಏಟು ತಡೆಯುವುದಕ್ಕೆ ‘ಜೀವ’, ಬೀಳುವ ಏಟಿನ ಅಳತೆಗೆ ‘ಪೆಟ್ಟು’, ದಣಿಯುವುದಕ್ಕೆ ‘ಕಸುವು’ ಎಂದು ಹಂಚಿಕೊಳ್ಳೋಣ. ಮ್ಯಾಡೆಲಿನ್‌ಳ ಕಸುವು 110. ಗೋಡೆ ಹಿಡಿದು ಸುಮ್ಮನೆ ನಿಂತರೆ ಸೆಕೆಂಡಿಗೆ 10 ಇಳಿಯುತ್ತದೆ, ಅಂದರೆ 11 ಸೆಕೆಂಡ್ ಬರುತ್ತದೆ. ಹತ್ತಿದರೆ ಸೆಕೆಂಡಿಗೆ 45ರಷ್ಟು, ಎರಡೂವರೆ ಸೆಕೆಂಡೂ ಬರುವುದಿಲ್ಲ. ಹಿಡಿದಲ್ಲಿಂದಲೇ ಮೇಲಕ್ಕೆ ಜಿಗಿದರೆ ಒಂದಕ್ಕೆ 27.5. ಗೋಡೆಯಲ್ಲಿ ತಡಬಡಾಯಿಸಿ ನಾಲ್ಕು ಸಲ ಜಿಗಿದವರು ಕೆಳಗೆ ಬೀಳುವುದು ಇದಕ್ಕೇ. 20ಕ್ಕಿಂತ ಕೆಳಗಿಳಿದರೆ ಅವಳು ಕೆಂಪಾಗಿ ಮಿನುಗುತ್ತಾಳೆ. ಇಷ್ಟನ್ನು ‘ಶಕ್ತಿ ಕಡಿಮೆಯಾಗುತ್ತದೆ’ ಎಂದರೆ ಜೀವವೋ ಕಸುವೋ ತಿಳಿಯದು.

ಕೊನೆಯದು ಪದವಲ್ಲ, ಪ್ರತ್ಯಯ. ‘ನಾನು ಜಿಗಿದೆ, ಮುಳ್ಳಿಗೆ ಬಿದ್ದೆ’ ಎಂದು ಬರೆದರೆ ತಪ್ಪು ಬೆರಳಿನದೋ ಗೇಮ್‌ನದೋ ಗೊತ್ತಾಗದು. ಕನ್ನಡಕ್ಕೆ ‘-ಇಸು’ ಇದೆ. ಗೊಂಬೆ ಆಡಿಸುತ್ತೇವೆ, ಹಾಗೆಯೇ ‘ಅವಳನ್ನು ಸರಿಯಾಗಿಯೇ ಜಿಗಿಸಿದೆ, ಅವಳು ಜಿಗಿಯಲಿಲ್ಲ’ ಎಂದರೆ ತಡದ ದೂರು. ‘ಜಿಗಿಸುವುದು ತಡವಾಯಿತು, ಬಿದ್ದಳು’ ಎಂದರೆ ಕೈಯ ತಪ್ಪು. ಈ ಬೇರ್ಪಾಟು ಎರಡೇ ಅಕ್ಷರದಲ್ಲಿ ಸಿಗುವಾಗ ಬಿಡಬಾರದು.

ತಿಳಿದವರಲ್ಲಿ ಎರಡು ಕೇಳಿಕೆ. ನಿಮ್ಮ ಕಡೆ ಚೌಕಾಬಾರದಲ್ಲಿ ಕಡಿಯಲಾಗದ ಮನೆಗೆ ಕಟ್ಟೆಯಲ್ಲದೆ ಬೇರೆ ಹೆಸರಿದೆಯೇ? ಕುಂಟೆಬಿಲ್ಲೆಯಲ್ಲೋ ಚಿನ್ನಿದಾಂಡಿನಲ್ಲೋ, ಗೆರೆ ತುಳಿದರೂ ‘ಹೋಗಲಿ ಬಿಡು’ ಎಂದು ಬಿಟ್ಟುಕೊಡುವುದಕ್ಕೆ ಮಕ್ಕಳು ಹೇಳುವ ಪದ ಯಾವುದಾದರೂ ಇದ್ದರೆ ಬರೆಯಿರಿ, ಕೊಸರಿಗಿಂತ ಅದೇ ಹತ್ತಿರವಾಗಬಹುದು.