ಸಂಘದ ಮೇಲ್‌ಗೆ ‘ಸಬ್ಜೆಕ್ಟ್’ ಹೇಗೆ ಬರೆಯುತ್ತೀರಿ? ಅನುಭವ ಹೇಳಿ

ಪ್ರಶ್ನೆ:
ನಮ್ಮದು 84 ಮನೆಗಳ ಅಪಾರ್ಟ್‌ಮೆಂಟ್. ಈ ತಿಂಗಳಿಂದ ಸಂಘದ ಕಾರ್ಯದರ್ಶಿ ಕೆಲಸ ನನ್ನದು. ಎಲ್ಲರಿಗೂ ಒಟ್ಟಿಗೆ ಹೋಗುವ ಮೇಲ್ ದಿನಕ್ಕೆ ಹತ್ತು ಹನ್ನೆರಡು ಬರುತ್ತವೆ. ಅರ್ಧಕ್ಕರ್ಧ ಮೇಲ್‌ಗಳಿಗೆ ಸಬ್ಜೆಕ್ಟೇ ಇರುವುದಿಲ್ಲ. ಇದ್ದರೂ ‘ನಮಸ್ಕಾರ’, ‘ಅರ್ಜೆಂಟ್’ ಅಷ್ಟೇ. ಯಾರೂ ತೆರೆಯುವುದಿಲ್ಲ. ಆಮೇಲೆ ‘ನಮಗೆ ಹೇಳಲೇ ಇಲ್ಲ’ ಅನ್ನುತ್ತಾರೆ. ನೀವೆಲ್ಲ ಇದನ್ನು ಹೇಗೆ ಸರಿ ಮಾಡಿಕೊಂಡಿರಿ?

ಉತ್ತರ 1, ಆರು ವರ್ಷ ಇದೇ ಕೆಲಸ ಮಾಡಿದವಳು:
ನಾನು ಪಾಠ ಕಲಿತದ್ದು ಒಂದು ಸಂಪ್ ಕ್ಲೀನಿಂಗ್‌ನಿಂದ. ನಮ್ಮ ಸಮಿತಿಯವರೊಬ್ಬರು ಎಲ್ಲರ ವಿಳಾಸ ಮತ್ತೆ ಯಾಕೆ ಹಾಕುವುದು ಅಂತ ಒಂದು ಹಳೆಯ ಮೇಲ್ ತೆಗೆದರು. ಅದಕ್ಕೇ ರಿಪ್ಲೈ ಆಲ್ ಒತ್ತಿ, ‘ಶನಿವಾರ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ನೀರು ಬರುವುದಿಲ್ಲ’ ಅಂತ ಬರೆದರು. ಮೇಲಿನ ಸಾಲು ಹಾಗೇ ಉಳಿಯಿತು: ‘ರೀ: ದೀಪಾವಳಿ ಶುಭಾಶಯಗಳು’. ಹಬ್ಬ ಮುಗಿದು ಎರಡು ವಾರ ಆಗಿತ್ತು. ಯಾರು ತೆರೆದು ನೋಡುತ್ತಾರೆ? ಶನಿವಾರ ಒಂಬತ್ತು ಗಂಟೆಗೆ ಎರಡನೇ ಮಹಡಿಯ ಬಾಣಂತಿ ಮನೆಯಲ್ಲಿ ಒಂದು ಬಕೆಟ್ ನೀರೂ ಇರಲಿಲ್ಲ. ಅವರ ತಾಯಿ ಕೊಡ ಹಿಡಿದುಕೊಂಡು ನಮ್ಮ ಬಾಗಿಲು ತಟ್ಟಿದ್ದು ನನಗಿನ್ನೂ ನೆನಪಿದೆ.

ಅವತ್ತಿನಿಂದ ಹೊಸ ವಿಷಯಕ್ಕೆ ಹೊಸ ಮೇಲ್. ಸಾಲು ಹೀಗೆ: ‘ನೀರು: ನವೆಂಬರ್ 25 ಶನಿವಾರ, 8ರಿಂದ 4 ಬರುವುದಿಲ್ಲ’. ಮೊಬೈಲಿನಲ್ಲಿ ಕಾಣುವುದು ಮೊದಲ ನಾಲ್ಕೈದು ಪದ ಮಾತ್ರ. ಅದಕ್ಕೇ ಮುಖ್ಯ ಪದ ಮುಂದೆ ಬರಬೇಕು. ‘ನಾಳೆ’ ಅಂತ ಬರೆಯಲೇಬೇಡಿ. ಮೇಲ್ ಅನ್ನು ಮಾರನೇ ದಿನ ತೆರೆದವರಿಗೆ ಆ ‘ನಾಳೆ’ ಯಾವತ್ತು?

ಇನ್ನೊಂದು ನಮ್ಮ ಭಾಷೆಗೇ ಸಂಬಂಧಪಟ್ಟದ್ದು. ಒಂದು ಸಲ ಹಳೆಯ ಟ್ಯಾಂಕರ್ ಲೆಕ್ಕ ಬೇಕಾಗಿ ‘ನೀರು’ ಅಂತ ಹುಡುಕಿದೆ. ಸಿಗಲಿಲ್ಲ. ಆ ಮೇಲ್‌ಗಳಲ್ಲಿ ಇದ್ದದ್ದು ‘ನೀರಿನ’, ‘ನೀರಿಗೆ’. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ ಅಲ್ವಾ? ಹುಡುಕುವ ಯಂತ್ರಕ್ಕೆ ಅವೆಲ್ಲ ಬೇರೆ ಬೇರೆ ಪದ. ಹಾಗಾಗಿ ಮೂಲ ಪದ ಇಟ್ಟು ಎರಡು ಚುಕ್ಕಿ ಹಾಕುತ್ತೇವೆ. ‘ನೀರು:’, ‘ಲಿಫ್ಟ್:’, ‘ಲೆಕ್ಕ:’, ‘ಸಭೆ:’. ನಮಗೆ ಈ ನಾಲ್ಕೈದೇ ಸಾಕಾದವು.

ಉತ್ತರ 2, ನಿವೃತ್ತ ಸರ್ಕಾರಿ ನೌಕರ:
ಶಾಲೆಯಲ್ಲಿ ರಜಾ ಅರ್ಜಿ ಬರೆಯುವಾಗಲೇ ‘ವಿಷಯ:’ ಅಂತ ಕಲಿತವರು ನಾವು. ನಾನು ಬಹಳ ವರ್ಷ ಟಪಾಲು ವಿಭಾಗದಲ್ಲಿದ್ದೆ. ಬಂದ ಪತ್ರ ಪೂರ್ತಿ ಓದಲು ಅಲ್ಲಿ ಪುರಸೊತ್ತು ಇರುವುದಿಲ್ಲ. ‘ವಿಷಯ’ ನೋಡಿ ಯಾವ ಶಾಖೆಗೆ ಅಂತ ಗುರುತು ಹಾಕುತ್ತೇವೆ. ಒಂದು ಪತ್ರದಲ್ಲಿ ಎರಡು ವಿಷಯ ಇದ್ದರೆ ಅದು ಒಂದೇ ಕಡತಕ್ಕೆ ಹೋಗುತ್ತದೆ, ಇನ್ನೊಂದು ವಿಷಯ ಅಲ್ಲೇ ಮಲಗುತ್ತದೆ. ಪಾರ್ಕಿಂಗ್ ಮತ್ತು ಕಸದ ಮಾತು ಒಂದೇ ಮೇಲ್‌ನಲ್ಲಿ ಬೇಡ.

‘ಅರ್ಜೆಂಟ್’ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಕಡತಕ್ಕೆ ‘ಜರೂರು’ ಚೀಟಿ ಅಂಟಿಸುತ್ತಿದ್ದರು. ಎಲ್ಲದಕ್ಕೂ ಅಂಟಿಸಲು ಶುರುಮಾಡಿದ ಮೇಲೆ ಅದನ್ನು ನೋಡುವವರೇ ಇಲ್ಲವಾದರು. ಅದರ ಬದಲು ‘ಡಿಸೆಂಬರ್ 10ರೊಳಗೆ ಉತ್ತರ ಬೇಕು’ ಅಂತ ಬರೆಯಿರಿ. ಜನ ಮಾಡುತ್ತಾರೆ.

ಉತ್ತರ 3, ಮೇಲ್ ತಂತ್ರಾಂಶದ ಕೆಲಸ ಮಾಡುವವನು:
ಮೇಲಿನವರು ಹೇಳಿದ ‘ವಿಷಯ’ಕ್ಕೂ ‘ರೀ:’ಗೂ ನಂಟು ಇದೆ. ಅದು ‘ರಿಪ್ಲೈ’ ಪದದ ಮೊದಲ ಅಕ್ಷರಗಳು ಅಂತ ತುಂಬಾ ಜನ ತಿಳಿದಿದ್ದಾರೆ. ಮೇಲ್‌ನ ನಿಯಮ ಹೇಳುವ ಆರ್‌ಎಫ್‌ಸಿ 5322ರ (2008) ಪ್ರಕಾರ ಅದು ಲ್ಯಾಟಿನ್‌ನ ‘ಇನ್ ರೆ’, ಅಂದರೆ ‘ಈ ವಿಷಯವಾಗಿ’. ಅದು ಒಂದೇ ಸಲ ಇರಬೇಕು ಅಂತಲೂ ಅಲ್ಲಿ ಹೇಳಿದೆ. ‘ರೀ: ರೀ: ರೀ:’ ಕಂಡರೆ ಎರಡನ್ನು ಅಳಿಸಿ.

ಸಂಪ್ ಕಥೆಯಲ್ಲಿ ಸಾಲನ್ನಷ್ಟೇ ಬದಲಿಸಿದ್ದರೂ ಪೂರ್ತಿ ಸರಿಹೋಗುತ್ತಿರಲಿಲ್ಲ. ಉತ್ತರವಾಗಿ ಹೋಗುವ ಮೇಲ್ ಒಳಗೆ ಅದು ಯಾವ ಮೇಲ್‌ಗೆ ಉತ್ತರ ಅನ್ನುವ ಗುರುತು ಅಡಗಿರುತ್ತದೆ. ಸರ್ಕಾರಿ ಪತ್ರದ ‘ಉಲ್ಲೇಖ’ ಇದ್ದ ಹಾಗೆ. ಜಿಮೇಲ್ ಸಬ್ಜೆಕ್ಟ್ ಬದಲಾದರೆ ಬೇರೆ ಸಂಭಾಷಣೆ ಮಾಡುತ್ತದೆ, ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಆ ಗುರುತು ಹಿಡಿದು ಹಳೆಯದರ ಕೆಳಗೇ ಜೋಡಿಸುತ್ತದೆ. ಹೊಸ ಮೇಲ್ ಶುರುಮಾಡುವುದೇ ಒಳ್ಳೆಯದು.

ಕನ್ನಡದಲ್ಲಿ ಬರೆಯುವಾಗ ಸಾಲು ಚಿಕ್ಕದಿರಲಿ. ಕನ್ನಡದ ಸಬ್ಜೆಕ್ಟ್ ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಮಾರ್ಪಟ್ಟು ತುಂಡು ತುಂಡಾಗಿ ಹೋಗುತ್ತದೆ. ಒಂದು ತುಂಡು ಆ ಸಂಕೇತದ 75 ಅಕ್ಷರ ಮೀರುವಂತಿಲ್ಲ, ಅದರಲ್ಲೂ 12 ತುಂಡಿನ ಎರಡು ತುದಿಯ ಗುರುತಿಗೇ ಹೋಗುತ್ತವೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಅದು ಸಂಕೇತದಲ್ಲಿ 4 ಅಕ್ಷರ ಆಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಒಂದು ತುಂಡಿನಲ್ಲಿ ಹಿಡಿಯುವುದು 15 ಚಿಹ್ನೆ. ‘ಸ್ವಚ್ಛತೆ’ ಪದವೊಂದೇ 8 ಚಿಹ್ನೆ ತಿನ್ನುತ್ತದೆ, ಯಾಕೆಂದರೆ ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುತ್ತವೆ. ಕೆಲವು ಹಳೆಯ ತಂತ್ರಾಂಶಗಳು ಅಕ್ಷರದ ನಡುವೆಯೇ ಕತ್ತರಿಸುತ್ತವೆ. ಆಗಲೇ ಆ ಖಾಲಿ ಚೌಕ, ಪ್ರಶ್ನೆ ಗುರುತು ಕಾಣುವುದು.

ಉತ್ತರ 4:
ಯಾರ ಮನೆ ಬಾಕಿ ಎಷ್ಟು ಅಂತ ಸಬ್ಜೆಕ್ಟ್‌ನಲ್ಲಿ ಹಾಕಬೇಡಿ. ಫೋನ್ ಲಾಕ್ ಆಗಿದ್ದರೂ ಆ ಸಾಲು ತೆರೆಯ ಮೇಲೆ ಬರುತ್ತದೆ. ಪಕ್ಕದಲ್ಲಿ ಕೂತವರೂ ಓದುತ್ತಾರೆ. ನಮ್ಮಲ್ಲಿ ಒಂದು ಮನೆಯವರು ತುಂಬಾ ನೊಂದುಕೊಂಡರು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಲಿಫ್ಟ್ ಬಗ್ಗೆ ಶುರುವಾದ ಮಾತು ನಡುವೆ ಕಾವಲುಗಾರರ ಸಂಬಳಕ್ಕೆ ತಿರುಗಿದರೆ ಏನು ಮಾಡುತ್ತೀರಿ? ಮತ್ತೆ ಇವತ್ತು ಕಳಿಸಬೇಕಾದದ್ದು ಇದು: ‘ಬಿ ಬ್ಲಾಕ್ ಲಿಫ್ಟಿನ ರಿಪೇರಿ ನಾಳೆ’. ಸರಿ ಇದೆಯಾ?

ಉತ್ತರ 1ರವರು:
ತಿರುಗಿದ ಕಡೆ ಹೀಗೆ ಬರೆಯಿರಿ: ‘ಸಂಬಳ: ಕಾವಲುಗಾರರದ್ದು (ಹಿಂದಿನದು: ಲಿಫ್ಟ್)’. ಮುಂದಿನ ಉತ್ತರದಲ್ಲಿ ಆವರಣದ ಭಾಗ ತೆಗೆದುಬಿಡಿ. ನಿಮ್ಮ ಸಾಲನ್ನು ‘ಲಿಫ್ಟ್: ಬಿ ಬ್ಲಾಕ್, ಡಿ. 4 ಗುರುವಾರ, 10ರಿಂದ 1 ಬಂದ್’ ಅಂತ ಮಾಡಿ, ಸಮಯ ಮಾತ್ರ ನಿಮ್ಮದು ಹಾಕಿಕೊಳ್ಳಿ. ಮೇಲಿನ ಮಹಡಿಗಳಲ್ಲಿ ವಯಸ್ಸಾದವರು ಇದ್ದರೆ ಮೇಲ್ ಜೊತೆಗೆ ಒಂದು ಫೋನ್ ಕೂಡ ಮಾಡಿ.